ಬಸಿ ಪೈಪಿಗೊಂದು ಎಲ್ಬೋ: ಕೃಷ್ಣಾ ದಂಡೆಯ ಕಬ್ಬಿನ ಹೊಲದಲ್ಲಿ ಮಾಡಿದ ದುರಸ್ತಿ

ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ನಮ್ಮದು ಮೂರೆಕರೆ ಎರೆ (ಕಪ್ಪು ಮಣ್ಣಿನ) ಹೊಲ. ಉದ್ದ 150 ಮೀಟರು, ಅಗಲ 80. ಹಳ್ಳದ ಕಡೆಗೆ ಸುಮಾರು ಒಂದಡಿ ಇಳಿಜಾರು ಇದೆ. ಬೆಳೆ ಕಬ್ಬು. ಮಣ್ಣಿನ ಹೆಚ್ಚುವರಿ ನೀರನ್ನು ಹೊರಗೆ ಹರಿಸಲು ನೆಲದೊಳಗೆ ಬಸಿ ಪೈಪು ಹಾಕಿಸಿ ಕೆಲವು ವರ್ಷಗಳಾದವು. 20 ಮೀಟರಿಗೊಂದರಂತೆ ನಾಲ್ಕು ಕವಲು ಪೈಪು ಉದ್ದಕ್ಕೂ ಓಡುತ್ತವೆ. ಮೈತುಂಬ ಸಣ್ಣ ತೂತಿರುವ, ಸುತ್ತಲೂ ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿದ 80 ಎಂಎಂ ಪೈಪು, ನಾಲ್ಕಡಿ ಆಳದಲ್ಲಿ. ತಗ್ಗಿನ ಅಂಚಿನಲ್ಲಿ ಈ ನಾಲ್ಕನ್ನೂ ಕೂಡಿಸಿಕೊಂಡು 110 ಎಂಎಂ ಮುಖ್ಯ ಪೈಪು ಹಳ್ಳಕ್ಕೆ ಬಾಯಿ ತೆರೆಯುತ್ತದೆ. ಅದು ಕಟ್ಟಿಕೊಂಡಿತ್ತು. ಬಿಡಿಸಿ, ಹೊಲದೊಳಗಿನ ನೀರಿನ ಮಟ್ಟವನ್ನು ಬೇಕಾದಂತೆ ಏರಿಸಿ ಇಳಿಸುವ ವ್ಯವಸ್ಥೆಯೊಂದನ್ನು ಬಾಯಿಗೆ ಕೂಡಿಸಿದೆವು. ನಮ್ಮಂಥದೇ ಹೊಲ ಇರುವವರಿಗೆ ಅನುಕೂಲವಾಗಲಿ ಎಂದು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಇಂಥ ಹೊಲಕ್ಕೆ ಪೈಪು ಯಾಕೆ ಬೇಕು ಎನ್ನುವವರಿಗೆ ಒಂದು ಲೆಕ್ಕ. ನಮ್ಮ ಬಾವಿ ನೀರಿನ ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಮೀಟರಿಗೆ ಸುಮಾರು 1.5 ಡೆಸಿ ಸೀಮನ್ಸ್. ಅಂದರೆ ಲೀಟರಿಗೆ ಹತ್ತಿರ ಹತ್ತಿರ ಒಂದು ಗ್ರಾಂ ಉಪ್ಪು. ಮೂರೆಕರೆಗೆ 5 ಸೆಂಟಿಮೀಟರು ನೀರು ಹಾಯಿಸಿದರೆ ಆರು ಲಕ್ಷ ಲೀಟರು. ಒಂದೇ ಹಾಯಿಕೆಯಲ್ಲಿ ಹೆಚ್ಚುಕಡಿಮೆ ಆರು ಕ್ವಿಂಟಲ್ ಉಪ್ಪು ಹೊಲಕ್ಕೆ ಇಳಿಯಿತು. ನೀರನ್ನು ಕಬ್ಬು ಕುಡಿಯುತ್ತದೆ, ಬಿಸಿಲು ಹೀರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಎರೆ ಮಣ್ಣು ಅದನ್ನು ತಾನಾಗಿ ಕೆಳಗೆ ಬಿಡುವುದಿಲ್ಲ. ಬೇರಿನ ಸುತ್ತಲಿನ ಇಸಿ 1.7 ದಾಟಿದರೆ ಕಬ್ಬಿನ ಇಳುವರಿ ಇಳಿಯತೊಡಗುತ್ತದೆ, 4 ದಾಟಿದ ನೆಲವನ್ನು ಸವಳು ಎಂದೇ ಕರೆಯುತ್ತಾರೆ. ಸವಳಿನ ಬೆನ್ನಿಗೇ ಜವಳೂ (ನೀರು ನಿಂತು ಜೌಗಾಗುವುದು) ಇರುತ್ತದೆ. ನಮ್ಮ ಹೊಲದ ಹಳ್ಳದ ಮೂಲೆಯಲ್ಲಿ ಬೆಳಗಿನ ಹೊತ್ತು ಮಣ್ಣು ಎಣ್ಣೆ ಸುರಿದಂತೆ ಕಪ್ಪಗೆ ತೇವವಾಗಿರುತ್ತಿತ್ತು. ಮಧ್ಯಾಹ್ನಕ್ಕೆ ಅದೇ ಜಾಗ ಬೆಳ್ಳಗಾಗಿ, ಕಾಲಿಟ್ಟರೆ ತೆಳುವಾದ ಪದರು ಪುಡಿಪುಡಿಯಾಗುತ್ತಿತ್ತು.

ಪೈಪು ಬಂದ ಮೇಲೆ ಆ ಮೂಲೆ ಸುಧಾರಿಸಿತು. 2019ರ ಆಗಸ್ಟ್, 2021ರ ಜುಲೈ, ಎರಡು ಸಲವೂ ಹೊಳೆ ಹೊಲಕ್ಕೇ ಬಂತು. ನೆರೆ ಇಳಿದ ಮೇಲೆ ಅಕ್ಕಪಕ್ಕದ ಹೊಲಗಳಿಗಿಂತ ನಮ್ಮದು ಬೇಗ ಹದಕ್ಕೆ ಬಂತು. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರಕಾರ ಘೋಷಿಸಿತು. ಹೊಳೆ ಬತ್ತಿ ಬಾವಿ ನೀರೇ ಗತಿಯಾಯಿತು. ಆಗ ಪೈಪಿನ ಇನ್ನೊಂದು ಮುಖ ಕಂಡಿತು. ಎರೆ ಭೂಮಿ ಬಿರುಕು ಬಿಟ್ಟರೆ ಕೈ ಮೊಣಕೈವರೆಗೆ ಒಳಗೆ ಹೋಗುತ್ತದೆ. ಪೈಪಿನ ಕಾಲುವೆ ತೋಡಿ ಮುಚ್ಚಿದ ಗೆರೆಯ ಮೇಲಂತೂ ಬಿರುಕು ಇನ್ನೂ ಆಳ. ಸಾಲಿಗೆ ಬಿಟ್ಟ ನೀರು ಆ ಬಿರುಕು ಹಿಡಿದು ನೇರ ಪೈಪಿಗೆ ಇಳಿಯಿತು. ಆ ಕಡೆ ಹೊಲದಲ್ಲಿ ನೀರು ಹಾಯಿಸುತ್ತಿರುವಾಗಲೇ ಈ ಕಡೆ ಹಳ್ಳಕ್ಕೆ ನೀರು ಬೀಳುತ್ತಿತ್ತು, ಅದೂ ಮಣ್ಣಿನ ಬಣ್ಣದ್ದು, ಹಾಕಿದ ಯೂರಿಯಾವನ್ನೂ ಕರಗಿಸಿಕೊಂಡು.

ಕೆಳಗಿನ ಹೊಲದ ಕಾಕಾ ಹಳ್ಳದ ದಂಡೆಯ ಮೇಲೆ ನಿಂತು ಇದನ್ನು ನೋಡಿ, "ತಮ್ಮಾ, ನೀರು ಹೋಗಾಕ ದಾರಿ ಮಾಡೀರಿ, ಖರೆ. ನಿಲ್ಲಸಾಕ ಏನ್ ಮಾಡೀರಿ?" ಅಂದರು.

ಈ ದುರಸ್ತಿಯೆಲ್ಲ ಆ ಮಾತಿಗೆ ಕೊಟ್ಟ ಉತ್ತರ. ಮಳೆ ಲೆಕ್ಕದಂತೆ ಬರುತ್ತಿದ್ದ ಕಾಲಕ್ಕೆ ಸದಾ ತೆರೆದ ಬಾಯಿ ಸಾಕಾಗುತ್ತಿತ್ತೇನೋ. ಒಂದು ವರ್ಷ ನೆರೆ, ಮತ್ತೊಂದು ವರ್ಷ ಬರ, ಒಂದೇ ಹಂಗಾಮಿನಲ್ಲಿ ಮೂರು ವಾರ ಒಣಹವೆಯ ಮೇಲೆ ಒಂದೇ ರಾತ್ರಿಯಲ್ಲಿ ತಿಂಗಳ ಮಳೆ ಎನ್ನುವ ಈಗಿನ ದಿನಗಳಲ್ಲಿ ಬಸಿಗಾಲುವೆಗೆ ಬಾಗಿಲು ಇರಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಟ್ಟಿದ್ದು ಎಲ್ಲಿ

ಬರ ಹೋಗಿ ಮಳೆ ಬಂದಾಗ ಪೈಪು ಮೂಕವಾಗಿತ್ತು. ಕಬ್ಬಿನ ಎಲೆ ಹಳದಿಗೆ ತಿರುಗಿತು, ಹಳ್ಳಕ್ಕೆ ಹನಿಯೂ ಇಲ್ಲ. ಇಂಥ ಹೊತ್ತಿನಲ್ಲಿ ತಕ್ಷಣ ಜೇಸಿಬಿ ತರಿಸಿ ತೋಡಿಸುವವರಿದ್ದಾರೆ. ಅದಕ್ಕೆ ಮೊದಲು ನೆಲದೊಳಗಿನ ನೀರು ನೋಡಬೇಕು.

ನಾವು ಎರಡು ಇಂಚಿನ ಪಿವಿಸಿ ಪೈಪಿನ ಆರಾರು ಅಡಿ ತುಂಡು ಕತ್ತರಿಸಿ, ಕೆಳಗಿನ ನಾಲ್ಕಡಿಗೆ ಡ್ರಿಲ್ಲಿನಿಂದ ತೂತು ಹೊಡೆದು, ಬಟ್ಟೆ ಸುತ್ತಿ, ಕೈ ಬೈರಿಗೆಯಿಂದ ತೋಡಿದ ಕುಣಿಗಳಲ್ಲಿ ನಿಲ್ಲಿಸಿದೆವು. ಸುತ್ತ ಉಸುಕು, ಮೇಲೆ ಒಂದಡಿ ಎರೆ ಮಣ್ಣು ಜಡಿದು ಮುಚ್ಚಿದ್ದು, ಮೇಲಿನ ನೀರು ಪಕ್ಕದಿಂದ ಇಳಿಯಬಾರದಲ್ಲ. ಬಾಯಿಗೆ ಮುಚ್ಚಳ. ದಾರಕ್ಕೆ ಅಗಲ ತಳದ ಬೋಲ್ಟು ಕಟ್ಟಿ ಇಳಿಬಿಟ್ಟರೆ ನೀರು ಮುಟ್ಟಿದಾಗ ‘ಟಪ್’ ಎಂದು ಸದ್ದಾಗುತ್ತದೆ. ದಾರ ಅಳೆದುಕೊಂಡರೆ ಮುಗಿಯಿತು.

ಈ ಪೈಪುಗಳನ್ನು ಜೋಡಿಯಾಗಿ ಹಾಕಬೇಕು, ಒಂದು ಕವಲು ಪೈಪಿಗೆ ಒಂದಡಿ ಪಕ್ಕದಲ್ಲಿ, ಇನ್ನೊಂದು ಎರಡು ಕವಲುಗಳ ನಡುಮಧ್ಯದಲ್ಲಿ. ನಡುವೆ ನೀರು ಮೇಲಿದ್ದು ಕವಲಿನ ಪಕ್ಕ ಕೆಳಗಿದ್ದರೆ ಪೈಪು ಸರಿಯಿದೆ, ಮಣ್ಣು ಬಿಗಿಯಾಗಿದೆ ಅಥವಾ ಪೈಪುಗಳ ಅಂತರ ಹೆಚ್ಚಾಗಿದೆ. ಎರಡೂ ಕಡೆ ಮೇಲಿದ್ದರೆ ಪೈಪೇ ಕಟ್ಟಿದೆ. ನಮ್ಮಲ್ಲಿ ಹಳ್ಳದ ಕಡೆಯ ಅರ್ಧ ಹೊಲದಲ್ಲಿ ಎರಡೂ ಕಡೆ 35 ಸೆಂಟಿಮೀಟರಿಗೇ ನೀರು ಸಿಕ್ಕಿತು. ಮೇಲಿನ ಅರ್ಧದಲ್ಲಿ, ಎರಡನೆಯ ಕವಲಿನ ಉದ್ದಕ್ಕೂ ಹಾಗೇ. ಅಂದರೆ ಅಡಚಣೆ ಎರಡು: ಒಂದು ಬಾಯಿಯಲ್ಲಿ, ಒಂದು ಎರಡನೆಯ ಕವಲಿನ ಒಳಗೆ.

ಬಾಯಿಯದು ಸುಲಭ. ಹಳ್ಳದಲ್ಲಿ ಹೂಳು ಎರಡಡಿ ಏರಿ ಮುಖ್ಯ ಪೈಪಿನ ಬಾಯಿಯನ್ನೇ ನುಂಗಿತ್ತು. ಆದರೆ ನಮ್ಮ ಹೊಲದ ಮುಂದಷ್ಟೇ ಹೂಳು ತೆಗೆದರೆ ಅದು ಹೊಂಡವಾಗುತ್ತದೆ, ಬಸಿಯುವ ದಾರಿಯಾಗುವುದಿಲ್ಲ. ಕಾಕಾ ಮತ್ತು ಅವರ ಕೆಳಗಿನ ಇಬ್ಬರು ಒಪ್ಪಿ, ಎಲ್ಲರೂ ಪಾಲು ಹಾಕಿ, ಕೆಳಗಿನಿಂದ ಮೇಲಕ್ಕೆ ಜೇಸಿಬಿ ಹಚ್ಚಿ ತೆಗೆಸಿದೆವು. ಹೂಳನ್ನು ದಂಡೆಯ ಅಂಚಿಗೇ ಸುರಿಯಲು ಬಿಡಲಿಲ್ಲ. ಮೊದಲ ಮಳೆಗೇ ಅದು ಮರಳಿ ಹಳ್ಳಕ್ಕೆ ಇಳಿಯುತ್ತದೆ.

ಒಳಗಿನದಕ್ಕೆ ಕಬ್ಬು ಕಾರ್ಖಾನೆಗೆ ಹೋಗುವವರೆಗೆ ಕಾದೆವು. ಕಟಾವಾಗಿ ಕೂಳೆಗೆ ಬಿಟ್ಟ ಹೊಲ, ತಿರುಗಾಡಲು ಅನುಕೂಲ. ಎರಡನೆಯ ಕವಲು ಮುಖ್ಯ ಪೈಪಿಗೆ ಕೂಡುವ ಟೀ (ಮೂರು ಬಾಯಿಯ ಜೋಡಣೆ) ಹತ್ತಿರ ತೋಡಿ, ಬಾಯಿ ಬಿಚ್ಚಿ, ಬಿರುಸಾದ ಹೋಸು ತಳ್ಳುತ್ತ ಹೋದೆವು. 58 ಮೀಟರಿಗೆ ನಿಂತಿತು. ಹೋಸಿಗೆ ಅಲ್ಲೇ ಗುರುತು ಮಾಡಿ, ಹೊರತೆಗೆದು ನೆಲದ ಮೇಲೆ ಹಾಸಿ, ತುದಿ ಬಂದ ಜಾಗದಲ್ಲಿ ಗೂಟ ಹೊಡೆದೆವು. ತೋಡಬೇಕಾದ್ದು ಅಲ್ಲಿ ಮಾತ್ರ.

ಈ ತೋಡುವ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು, ಹಸಿ ಎರೆ ಮಣ್ಣಿನ ನಾಲ್ಕಡಿ ಗೋಡೆ ನಂಬಿಕೆಗೆ ಅರ್ಹವಲ್ಲ. ನೋಡಲು ಗಟ್ಟಿ ನಿಂತಿರುತ್ತದೆ, ಒಮ್ಮೆಲೇ ಹಲಗೆಯಂತೆ ಕಳಚಿ ಬೀಳುತ್ತದೆ. ಎರಡೂ ಬದಿ ಓರೆ ತೆಗೆಸದೆ ಯಾರನ್ನೂ ಒಳಗೆ ಇಳಿಸಬೇಡಿ. ತೆಗೆದ ಮಣ್ಣನ್ನು ಅಂಚಿನಿಂದ ಮೂರಡಿ ಆಚೆ ಹಾಕಿಸಿ. ಇನ್ನೊಂದು, ಜೇಸಿಬಿಯ ಬಕೆಟ್ಟು ಹಸಿ ಎರೆಯನ್ನು ಉಜ್ಜಿ ಉಜ್ಜಿ ಗೋಡೆಗೆ ಹೊಳಪು ಬರಿಸುತ್ತದೆ. ಬೆರಳಾಡಿಸಿದರೆ ನುಣುಪು, ಒಂದು ಹನಿ ನೀರೂ ಅದರಿಂದ ಹೊರಬರುವುದಿಲ್ಲ. ಆ ಹೊಳಪಿನ ಮೇಲೆಯೇ ಮಣ್ಣು ಮುಚ್ಚಿದರೆ ಪೈಪು ಗಡಿಗೆಯೊಳಗೆ ಕೂತಂತೆ. ನಾವು ಕುಡುಗೋಲಿನ ಮೂತಿಯಿಂದ ಮೇಲಿನಿಂದ ಕೆಳಗೆ ಗೀರಿ ಗೋಡೆಯನ್ನು ಒರಟು ಮಾಡಿದೆವು. ಗೀರಿದ ಕಡೆಯಲ್ಲೆಲ್ಲ ನೋಡನೋಡುತ್ತಿದ್ದಂತೆ ಸಣ್ಣ ಸಣ್ಣ ಹನಿ ಮೂಡಿದವು.

ಪೈಪು ತೆರೆದಾಗ ಕಾರಣ ಕಂಡಿತು. ಹಿಂದೆ ಹಾಕಿದವರು ಕಾಲುವೆಯ ತಳವನ್ನು ಕಣ್ಣಳತೆಯಲ್ಲಿ ತೋಡಿದ್ದರು. 12 ಮೀಟರು ಉದ್ದಕ್ಕೆ ಪೈಪು 7 ಸೆಂಟಿಮೀಟರು ತಗ್ಗಿ ಮತ್ತೆ ಮೇಲೇರಿತ್ತು. 80 ಎಂಎಂ ಪೈಪಿನಲ್ಲಿ 7 ಸೆಂಟಿಮೀಟರು ತಗ್ಗು ಎಂದರೆ ಅಲ್ಲಿ ಸದಾ ನೀರು ನಿಂತಿರುತ್ತದೆ, ಬಂದ ಮಣ್ಣು ಮುಂದೆ ಸಾಗುವುದಿಲ್ಲ. ಬರದ ವರ್ಷ ಬಿರುಕಿನಿಂದ ಇಳಿದ ಮಣ್ಣೆಲ್ಲ ಇಲ್ಲಿಯೇ ಕೂತಿತ್ತು. ತುಂಡು ಸೀಳಿ ನೋಡಿದರೆ ಒಳಗೆ ಬೂದುಬಣ್ಣದ ನುಣ್ಣನೆಯ ಕೆಸರು, ಅದರೊಳಗೆ ಕೂದಲಿನಂಥ ಕಬ್ಬಿನ ಬೇರು. ಬೇರುಗಳು ಬಟ್ಟೆಯನ್ನೂ ತೂರಿ ಬಂದಿದ್ದವು.

ಅಷ್ಟು ತುಂಡನ್ನು ಕಿತ್ತು ಹೊಸದು ಹಾಕಿದೆವು. ಇಳಿಜಾರು 100 ಮೀಟರಿಗೆ 20 ಸೆಂಟಿಮೀಟರು, ಅಂದರೆ 10 ಮೀಟರಿಗೆ 2 ಸೆಂಟಿಮೀಟರು. ರಸಮಟ್ಟ ಇಷ್ಟು ಸಣ್ಣ ಇಳಿಜಾರಿಗೆ ಸಾಲದು. ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬು ಸಾಕು, ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡರೆ. ಎರಡೂ ತುದಿಯ ಗೂಟಗಳಿಗೆ ಅಳತೆ ಗುರುತು ಮಾಡಿ, ನಡುವೆ ದಾರ ಬಿಗಿದು, ದಾರದಿಂದ ತಳಕ್ಕೆ ಪ್ರತಿ ಮೀಟರಿಗೂ ಕೋಲಿನಿಂದ ಅಳೆದು ತಳ ಸರಿ ಮಾಡಿದೆವು. ಪೈಪಿನ ಕೆಳಗೂ ಸುತ್ತಲೂ ನಾಲ್ಕು ಇಂಚು ದಪ್ಪ ಉಸುಕು. ಅದರ ಮೇಲೆ ಒಣಗಿ ಪುಡಿಯಾದ ಮಣ್ಣನ್ನೇ ಆರಿಸಿ ಹಾಕಿದೆವು, ಹೆಂಟೆ ಬೀಳದಂತೆ.

ಉಳಿದ ಕವಲುಗಳನ್ನು ತೊಳೆಯಲು ದ್ರಾಕ್ಷಿ ತೋಟದವರ ಔಷಧಿ ಹೊಡೆಯುವ ಎಚ್‌ಟಿಪಿ ಪಂಪು ತಂದೆವು. ಹೋಸಿನ ತುದಿಗೆ ಹಿಂದಕ್ಕೆ ನೀರು ಚಿಮ್ಮುವ ನಾಜಲ್ ಇದ್ದರೆ ಅದು ತಾನೇ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಒತ್ತಡ ಕಡಿಮೆ ಇಡಬೇಕು. ಜೋರು ಕೊಟ್ಟರೆ ತೂತಿನ ಹೊರಗಿನ ಬಟ್ಟೆ ಹರಿದು, ಸುತ್ತಲ ಮಣ್ಣು ಸಡಿಲಾಗಿ ಒಳಗೇ ಬರುತ್ತದೆ. ಹೊರಬರುವ ನೀರು ತಿಳಿಯಾಗುವವರೆಗೆ ಮಾಡಿದೆವು.

ಛೇಂಬರು ಮತ್ತು ಎಲ್ಬೋ

ಇದು ಹೊಸ ಕೆಲಸ. ಮುಖ್ಯ ಪೈಪು ಹೊಲ ದಾಟಿ ಹಳ್ಳದ ಕಡೆ ಹೋಗುವ ಜಾಗದಲ್ಲಿ ಅಗಲವಾದ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದೆವು. ಅಲ್ಲಿ ಪೈಪಿನ ತಳ ಭೂಮಿಯಿಂದ 1.4 ಮೀಟರು ಕೆಳಗಿದೆ. ರಿಂಗನ್ನು ಅದಕ್ಕಿಂತ ಒಂದಡಿ ಹೆಚ್ಚು ಆಳಕ್ಕೆ ಇಳಿಸಿ ತಳಕ್ಕೆ ಕಾಂಕ್ರೀಟು ಹಾಕಿದ್ದೇವೆ. ಆ ಒಂದಡಿ ಗುಂಡಿಯಲ್ಲಿ ಮಣ್ಣು ಕೂರುತ್ತದೆ, ವರ್ಷಕ್ಕೊಮ್ಮೆ ಬುಟ್ಟಿಯಿಂದ ಎತ್ತಿ ಹಾಕಿದರಾಯಿತು. ರಿಂಗುಗಳ ಸಂದಿಗೆ ಹೊರಗೂ ಒಳಗೂ ಗಾರೆ ಮೆತ್ತಬೇಕು. ಇಲ್ಲದಿದ್ದರೆ ನಿಲ್ಲಿಸಿದ ನೀರು ಸಂದಿಯಿಂದಲೇ ಸೋರುತ್ತದೆ.

ಛೇಂಬರಿಗೆ ಒಂದು ಕಡೆಯಿಂದ ಹೊಲದ ನೀರು ಬೀಳುತ್ತದೆ. ಎದುರು ಕಡೆ ಹಳ್ಳಕ್ಕೆ ಹೋಗುವ ಪೈಪಿನ ಮೂತಿಗೆ ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ), ಎಲ್ಬೋಗೆ 80 ಸೆಂಟಿಮೀಟರಿನ ಪೈಪು ತುಂಡು. ತುಂಡು ನೆಟ್ಟಗೆ ನಿಂತಿದ್ದರೆ ಛೇಂಬರಿನ ನೀರು ಅದರ ತುದಿಯವರೆಗೆ ಏರಿದ ಮೇಲೆಯೇ ಹಳ್ಳಕ್ಕೆ ಹೋಗಬೇಕು. ಆಗ ಹೊಲದ ತಗ್ಗಿನ ಮೂಲೆಯಲ್ಲಿ ನೀರಿನ ಮಟ್ಟ ಭೂಮಿಯಿಂದ 60 ಸೆಂಟಿಮೀಟರು ಕೆಳಗೆ ನಿಲ್ಲುತ್ತದೆ. ತುಂಡನ್ನು ಮಲಗಿಸಿದರೆ ಪೂರ್ತಿ ತೆರೆದಂತೆ; ಅದು ಮಲಗುವಷ್ಟು ಅಗಲ ರಿಂಗಿಗೆ ಇರಬೇಕು. ಓರೆ ಇಟ್ಟರೆ ನಡುವಿನ ಯಾವ ಮಟ್ಟ ಬೇಕಾದರೂ ಹಿಡಿಯಬಹುದು. ರಿಂಗಿಗೆ ಕೊಂಡಿ ಬಡಿದು ಸರಪಳಿಯಿಂದ ಓರೆಯನ್ನು ಹಿಡಿದಿಟ್ಟಿದ್ದೇವೆ.

ಎಲ್ಬೋ ತಿರುಗಬೇಕು, ಸೋರಬಾರದು. ಅಂಟು ಹಚ್ಚುವ ನೀರಾವರಿ ಫಿಟ್ಟಿಂಗು ಇದಕ್ಕೆ ಬರುವುದಿಲ್ಲ. ಮನೆ ಕಕ್ಕಸಿನ ಕೊಳಾಯಿಗೆ ಬಳಸುವ ಎಸ್‌ಡಬ್ಲ್ಯೂಆರ್ ಎಲ್ಬೋಗೆ ಒಳಗೆ ರಬ್ಬರ್ ರಿಂಗ್ ಇರುತ್ತದೆ. ಅಂಗಡಿಯಲ್ಲಿ ಅದನ್ನೇ ಕೇಳಿ. ಸಾಬೂನು ನೀರು ಸವರಿ ಕೂಡಿಸಿದರೆ ಒಂದೇ ಕೈಯಲ್ಲಿ ತಿರುಗುತ್ತದೆ. ಪೈಪಿನ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಕೊಳ್ಳದಿದ್ದರೆ ತಿರುಗಿಸುವಾಗ ರಿಂಗು ಕೊಯ್ದುಹೋಗುತ್ತದೆ.

ಹಳ್ಳದ ಕಡೆಯ ಬಾಯಿಗೆ ಚೂಡಿಯ (ತಿರುಗಿಸಿ ಬಿಗಿಯುವ) ಮುಚ್ಚಳ ಕೂಡಿಸಿದ್ದು ನೆರೆಗಾಗಿ. ಹೊಳೆ ಉಕ್ಕಿ ಹಳ್ಳದಲ್ಲಿ ಹಿನ್ನೀರು ಏರಿದರೆ ಅದು ಎಲ್ಬೋದ ತುದಿಯನ್ನೂ ದಾಟಿ ಕೆಸರು ನೀರನ್ನು ಕವಲುಗಳಿಗೆ ನುಗ್ಗಿಸುತ್ತದೆ. ಮೇಲ್ಗಡೆ ಸಾತಾರಾ, ಕೊಲ್ಹಾಪುರ ಕಡೆ ಮಳೆ ಜೋರಾಗಿ ಕೊಯ್ನಾ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂದರೆ ಮುಚ್ಚಳ ಬಿಗಿಯುತ್ತೇವೆ. ಹಳ್ಳ ಇಳಿದ ಮೇಲೆ ಬಿಚ್ಚುವುದು.

ಒಂದು ಎಚ್ಚರ. ಒಂದೇ ಬಾಗಿಲಿನಿಂದ ಇಡೀ ಹೊಲದಲ್ಲಿ ಒಂದೇ ಆಳಕ್ಕೆ ನೀರು ನಿಲ್ಲುವುದಿಲ್ಲ. ನೀರು ಸಮತಲ, ಹೊಲ ಇಳಿಜಾರು. ನಮ್ಮಲ್ಲಿ ತಗ್ಗಿನ ಮೂಲೆಯಲ್ಲಿ 60 ಸೆಂಟಿಮೀಟರು ಇದ್ದರೆ ಮೇಲಿನ ತುದಿಯಲ್ಲಿ 90. ಇಷ್ಟಾದರೆ ನಡೆಯುತ್ತದೆ. ಎರಡಡಿ ಇಳಿಜಾರಿನ ಹೊಲಕ್ಕೆ ನಡುವೆ ಇನ್ನೊಂದು ಛೇಂಬರು ಬೇಕು.

ಏರಿಸುವುದು, ಇಳಿಸುವುದು

ಎಲ್ಲರೂ ಕೇಳುವುದು ಇದನ್ನೇ: ಎಲ್ಬೋದ ತುಂಡನ್ನು ಯಾವ ತಿಂಗಳು ಏರಿಸಬೇಕು? ತಿಂಗಳು ನೋಡಿ ಏರಿಸುವ ಕಾಲ ಇದಲ್ಲ. ನೋಡಬೇಕಾದ್ದು ಮೂರು: ನೀರು ಅಳೆಯಲು ಹೊಲದಲ್ಲಿ ನೆಟ್ಟ ಪೈಪಿನಲ್ಲಿ ನೀರು ಎಷ್ಟು ಆಳದಲ್ಲಿದೆ, ನೀರಿನ ಇಸಿ ಎಷ್ಟಿದೆ, ಹವಾಮಾನ ಇಲಾಖೆ ಮುಂದಿನ ಎರಡು ಮೂರು ದಿನಕ್ಕೆ ಏನು ಹೇಳಿದೆ.

ಭಾರಿ ಮಳೆಯ ಮುನ್ಸೂಚನೆ ಇದ್ದರೆ ಮಳೆ ಶುರುವಾಗುವ ಮೊದಲೇ ಮಲಗಿಸಿಬಿಡಿ. ಮಣ್ಣಿನೊಳಗೆ ಜಾಗ ಇದ್ದರೆ ಮಳೆ ಅಲ್ಲಿ ಕೂರುತ್ತದೆ. ಎರೆಯಿಂದ ನೀರು ನಿಧಾನವಾಗಿ ಹೊರಬರುತ್ತದೆ, ಮಳೆ ಬಿದ್ದ ಮೇಲೆ ಓಡಿಹೋಗಿ ತೆರೆದರೆ ತಡವಾಯಿತು. ಮಳೆ ನಿಂತು ನೀರು ಮುಕ್ಕಾಲು ಮೀಟರಿಗಿಂತ ಕೆಳಗೆ ಇಳಿದ ಮೇಲೆ, ಮುಂದೆ ಒಣಹವೆ ಕಂಡರೆ, ನೆಟ್ಟಗೆ ನಿಲ್ಲಿಸಿ. ಹಾಯಿಸುವಾಗಲೂ ನಿಲ್ಲಿಸಿಯೇ ಇರಬೇಕು, ಬಿರುಕು ಬಿಟ್ಟ ಹೊಲದಲ್ಲಂತೂ ಖಂಡಿತ. ಅದಕ್ಕೂ ಮೊದಲು ಕವಲುಗಳ ಗೆರೆಯ ಮೇಲೆ ಹರಗಿ ಬಿರುಕಿನ ಬಾಯಿ ಮುಚ್ಚಿ, ಮೊದಲ ನೀರು ತೆಳ್ಳಗೆ ಕೊಟ್ಟರೆ ಮಣ್ಣು ಉಬ್ಬಿ ಸಂದಿ ಕೂಡಿಕೊಳ್ಳುತ್ತದೆ.

ನಿಲ್ಲಿಸುವುದರಿಂದ ಸಿಗುವ ನೀರಿನ ಬಗ್ಗೆ ಅತಿಯಾಸೆ ಬೇಡ. ಎರೆ ಮಣ್ಣಿನ ಒಂದು ಮೀಟರು ಬಸಿದರೆ ಹೊರಬರುವುದು ನಾಲ್ಕು ಸೆಂಟಿಮೀಟರಿನಷ್ಟು ನೀರು. ಮಟ್ಟವನ್ನು ಅರ್ಧ ಮೀಟರು ಮೇಲೆ ಹಿಡಿದರೆ ಉಳಿದದ್ದು 2 ಸೆಂಟಿಮೀಟರು, ಒಂದು ಹಾಯಿಕೆಯ ಅರ್ಧಕ್ಕಿಂತ ಕಡಿಮೆ. ಆದರೆ ಒಣಹವೆಯ ನಡುವೆ ಅಷ್ಟೇ ನೀರು ಕೆಲವು ದಿನ ಕಬ್ಬನ್ನು ಕಾಯುತ್ತದೆ. ಹಾಯಿಸಿದ್ದು ಹಳ್ಳ ಸೇರದಿರುವುದು ಅದಕ್ಕಿಂತ ದೊಡ್ಡ ಲಾಭ.

ಇನ್ನು ಉಪ್ಪು. ಇಲ್ಲಿ ನೀರಿನಾಸೆ ಮತ್ತು ಉಪ್ಪಿನ ಭಯ ಎದುರುಬದುರು ನಿಲ್ಲುತ್ತವೆ. ಎರೆಯಲ್ಲಿ ನೀರು ಒಂದು ಮೀಟರಿಗೂ ಹೆಚ್ಚು ಎತ್ತರ ಮೇಲಕ್ಕೆ ಹೀರಿಕೊಳ್ಳುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಉಪ್ಪುನೀರನ್ನು 60 ಸೆಂಟಿಮೀಟರಿಗೆ ನಿಲ್ಲಿಸಿಟ್ಟರೆ ಬೆಳ್ಳನೆಯ ಪದರು ಮರಳಿ ಬರುತ್ತದೆ. ನೆಟ್ಟ ಪೈಪಿನ ನೀರಿನ ಇಸಿ 4ಕ್ಕಿಂತ ಹೆಚ್ಚಿದ್ದರೆ ನಾನು ನಿಲ್ಲಿಸುವುದೇ ಇಲ್ಲ, ಬರ ಇದ್ದರೂ. ಮಳೆಗಾಲದ ಮೊದಲ ದೊಡ್ಡ ಮಳೆಗಳನ್ನು ಪೂರ್ತಿ ಉಪ್ಪು ತೊಳೆಯಲು ಬಿಡುತ್ತೇನೆ. ಉಚಿತವಾಗಿ ಸಿಗುವ ಸಿಹಿನೀರು ಅದೊಂದೇ. ಹಳ್ಳ ತುಂಬಿ ಹರಿಯುವಾಗಲೇ ಬಿಡುವುದರಿಂದ ಕೆಳಗೆ ಪಂಪು ಹಚ್ಚಿದವರ ಹೊಲಕ್ಕೆ ನಮ್ಮ ಉಪ್ಪು ಹೋಗುವುದಿಲ್ಲ. ಬೇಸಿಗೆಯಲ್ಲಿ ಸಣ್ಣಗೆ ಹರಿಯುವ ಹಳ್ಳಕ್ಕೆ ಬಿಟ್ಟರೆ ಅದು ಕಾಕಾನ ಕಬ್ಬಿಗೇ ಹೋಗುತ್ತದೆ.

ಮಣ್ಣಿನ ಪರೀಕ್ಷೆಯಲ್ಲಿ ಪಿಎಚ್ 8.5ರ ಮೇಲೆ, ಸೋಡಿಯಂ ಪಾಲು ಶೇಕಡಾ 15ರ ಮೇಲೆ ಬಂದವರಿಗೆ ಪೈಪು ಒಂದೇ ಸಾಲದು. ಅಂಥ ಮಣ್ಣು ನೀರನ್ನೇ ಬಿಡುವುದಿಲ್ಲ, ಮೊದಲು ಜಿಪ್ಸಂ ಹಾಕಬೇಕು. ನಮ್ಮದು ಬರಿ ಉಪ್ಪಿನ ಸವಳಾದ್ದರಿಂದ ಅದರ ಅಗತ್ಯ ಬೀಳಲಿಲ್ಲ.

ಈಗ ಹೇಗಿದೆ

ದುರಸ್ತಿಯ ನಂತರದ ಮೊದಲ ದೊಡ್ಡ ಮಳೆಗೆ ಬಾಯಿಯ ಕೆಳಗೆ ಹತ್ತು ಲೀಟರಿನ ಬಕೆಟ್ಟು ಹಿಡಿದು ಮೊಬೈಲಿನಲ್ಲಿ ಸೆಕೆಂಡು ನೋಡಿದೆ. 22 ಸೆಕೆಂಡಿಗೆ ತುಂಬಿತು. ದಿನಕ್ಕೆ 39 ಸಾವಿರ ಲೀಟರು, ಹೊಲದ ಲೆಕ್ಕದಲ್ಲಿ 3 ಮಿಲಿಮೀಟರಿಗೂ ತುಸು ಹೆಚ್ಚು. ಇಸಿ 6.2 ಇತ್ತು, ಅಂದರೆ ಲೀಟರಿಗೆ ನಾಲ್ಕು ಗ್ರಾಂ ಉಪ್ಪು. ದಿನಕ್ಕೆ ಒಂದೂವರೆ ಕ್ವಿಂಟಲ್ ಉಪ್ಪು ಹೊಲ ಬಿಟ್ಟು ಹೊರಟಿತ್ತು! ಆ ಬಕೆಟ್ಟಿನ ನೀರನ್ನು ನಾಲಗೆಗೆ ಹಚ್ಚಿ ನೋಡಿ ಎಷ್ಟು ಸಂತೋಷಪಟ್ಟೆನೆಂದು ಸವಳಿನಲ್ಲಿ ಕಬ್ಬು ಕಳೆದುಕೊಂಡವರಿಗೆ ಗೊತ್ತಾಗುತ್ತದೆ. ವಾರದೊಳಗೆ ಬಕೆಟ್ಟು ತುಂಬಲು 40 ಸೆಕೆಂಡು ಹಿಡಿಯತೊಡಗಿತು. ತಗ್ಗಿನ ಮೂಲೆಯ ನೀರು 35ರಿಂದ 95 ಸೆಂಟಿಮೀಟರಿಗೆ ಇಳಿಯಿತು. ಇಸಿ ಇಳಿಯುತ್ತಿದೆ, ಆದರೆ ನಿಧಾನ.

ಕಾಕಾ ಈಗ ತಮ್ಮ ಹೊಲಕ್ಕೂ ಛೇಂಬರು ಕೂಡಿಸುವ ಮಾತಾಡಿದ್ದಾರೆ. ಅವರದು ಪೈಪು ಇಲ್ಲದ ಹೊಲ. ತೆರೆದ ಬಸಿಗಾಲುವೆಗೆ ಹಲಗೆ ಇಳಿಸಿ ಏರಿಸುವ ಕಲ್ಲಿನ ಚೌಕಟ್ಟು ಸಾಕೆಂದು ಹೇಳಿದ್ದೇನೆ. ನಮ್ಮದರಲ್ಲಿ ಬಾಕಿ ಇರುವುದು ನಾಲ್ಕನೆಯ ಕವಲು. ಅದರ ನಡುಭಾಗದ ನೀರು ಉಳಿದವುಗಳಿಗಿಂತ 20 ಸೆಂಟಿಮೀಟರು ಮೇಲೆಯೇ ನಿಂತಿದೆ, ಪೈಪಿನ ಪಕ್ಕ ಮಾತ್ರ ಕೆಳಗಿದೆ. ಅಂದರೆ ಅಲ್ಲಿ ಮಣ್ಣು ಬಿಗಿ. ಮುಂದಿನ ಕಟಾವಿನ ನಂತರ ಆ ಪಟ್ಟಿಯಲ್ಲಿ ಆಳದ ಮಣ್ಣನ್ನು ಸಡಿಲಿಸುವ ಸಬ್‌ಸಾಯ್ಲರ್ ಹೊಡೆಸಿ, ಒಂದು ಹಂಗಾಮು ಕಬ್ಬು ಬಿಟ್ಟು ಹಸಿರು ಗೊಬ್ಬರದ ಬೆಳೆ ಡಯಂಚಾ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದಿದೆ. ಆಮೇಲೂ ನೀರು ಇಳಿಯದಿದ್ದರೆ ಮೂರು ಮತ್ತು ನಾಲ್ಕನೆಯ ಕವಲುಗಳ ನಡುವೆ ಇನ್ನೊಂದು ಪೈಪು ಹಾಕುತ್ತೇವೆ, ಈ ಸಲ ತಳವನ್ನು ಮೀಟರು ಮೀಟರಿಗೆ ಅಳೆದೇ.